ಏಳನೆಯ ದಿನದ ಸೂಜಿ

ವಾಡಿಯಲ್ಲಿ ನಮ್ಮ ಪಕ್ಕದ ಮನೆಯವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುವುದು; ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಚಿತ್ತಾಪುರಕ್ಕೆ ತಂಗಿಯ ಮನೆಗೆ ಹೋದಾಗ ಬೀದಿನಾಯಿಯೊಂದು ಅವರ ಕಾಲಿಗೆ ಕಚ್ಚಿತು. ಅಲ್ಲಿನ ಆಸ್ಪತ್ರೆಯಲ್ಲಿ ಅಂದೇ ಮೊದಲ ಸೂಜಿ ಹಾಕಿದರು. ಚೀಟಿಯ ಮೇಲೆ ಆ ದಿನದ ತಾರೀಖು ಮಾತ್ರ ಬರೆದು, ಮುಂದಿನವು ಮೂರು, ಏಳು, ಇಪ್ಪತ್ತೆಂಟನೆಯ ದಿನಕ್ಕೆ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ಆ ನಾಯಿ ಮತ್ತೆ ಯಾರಿಗೂ ಕಾಣಲಿಲ್ಲ; ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ಲವೋ ತಿಳಿಯಲಿಲ್ಲ.

"ತಮ್ಮಾ, ನೀನಽ ಎಣಸಿ ಹೇಳಪ. ನನಗ ಮರವು ಭಾಳ," ಎಂದರು ಆಪಾ.

ಬೆರಳು ಮಡಿಸಿ ಎಣಿಸಿದ್ದರೆ ಮುಗಿಯುತ್ತಿತ್ತು. ನಾನು ಸೇಡಂ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಪುಟ್ಟ ಪ್ರೋಗ್ರಾಮ್ ಬರೆದೆ. ಒಂದು ಸೂಜಿ ಆದೊಡನೆ ಅದು ಮುಂದಿನದರ ದಿನ ಎಣಿಸಿ, ಆ ಬೆಳಿಗ್ಗೆ ನನ್ನ ಮೊಬೈಲಿಗೆ ಸಂದೇಶ ಕಳಿಸಬೇಕು. "ಚೀಟಿ ಇನ್ನ ಬೇಕಾಗಂಗಿಲ್ರಿ ಆಪಾ," ಎಂದೂ ಹೇಳಿದೆ.

ಎರಡನೆಯ ಸೂಜಿ ವಾಡಿಯ ಆಸ್ಪತ್ರೆಯಲ್ಲಿ ಸರಿಯಾದ ದಿನಕ್ಕೇ ಆಯಿತು. ಮೂರನೆಯದರ ಸಂದೇಶ ಬಂದ ಬೆಳಿಗ್ಗೆ ಮತ್ತೆ ಹೋದೆವು. ನರ್ಸ್ ರಿಜಿಸ್ಟರ್ ತಿರುವಿ ತಲೆಯೆತ್ತಿದರು.

"ಎರಡನೇದು ಆಗಿ ಏಳು ದಿನ ಆತಲ್ರಿ. ನಾಕು ದಿನಕ್ಕ ಬರಬೇಕಿತ್ತು. ನಾಯಿ ಕಚ್ಚಿದ್ದು ಯಾವತ್ತು?"

ನಾನು ಮೊಬೈಲ್ ತೆರೆದು ತೋರಿಸಿದೆ. 'ಕಚ್ಚಿದ ದಿನ' ಎಂಬಲ್ಲಿ ಅಂದಿನದೇ ತಾರೀಖಿತ್ತು.

"ಇವತ್ತ ಕಚ್ಚ್ಯಾದೇನ್ರಿ? ಹಂಗಾದ್ರ ಎರಡು ಸೂಜಿ ಮೊದಲಽ ಹಾಕಸ್ಕೊಂಡು ಕುಂತಾರೇನು ಇವ್ರು?"

ಸಾಲಿನಲ್ಲಿದ್ದವರು ನಕ್ಕರು. ಆಪಾ ನಗಲಿಲ್ಲ. ಚೀಲದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

ತಪ್ಪು ಚಿಕ್ಕದು. ಮೂರು ದಿನ ಕೂಡಿಸೆಂದಾಗ ಪ್ರೋಗ್ರಾಮ್ ಹೊಸ ತಾರೀಖು ಕೊಡಲಿಲ್ಲ; ಕಚ್ಚಿದ ದಿನವನ್ನೇ ಮೂರು ದಿನ ಮುಂದಕ್ಕೆ ಸರಿಸಿತು. ಏಳನ್ನು ಅದರ ಮೇಲೆ ಕೂಡಿಸಿತು; ಏಳನೆಯ ದಿನ ಹೋಗಿ ಹತ್ತನೆಯದಾಯಿತು. ಮೂಲ ತಾರೀಖಿನ ನಕಲು ತೆಗೆದು, ನಕಲಿಗೆ ಮಾತ್ರ ಕೂಡಿಸಬೇಕಿತ್ತು. ಇದನ್ನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತ ಬಂದಿದ್ದೇನೆ ಎಂದು ನನಗೆ ನೆನಪು. ನಿಜಕ್ಕೂ ಹೇಳುತ್ತಿದ್ದೆನೆ, ಅಥವಾ ಆ ದಿನದ ನಂತರ ಹೇಳತೊಡಗಿದೆನೆ? ದಿನಚರಿಯಲ್ಲಿ ಹುಡುಕಿದೆ. ಆ ಪಾಠದ ಮಾತು ಎಲ್ಲೂ ಇಲ್ಲ. ನಾಯಿ ಕಚ್ಚಿದ ಸಂಗತಿಯೂ ಮೂರು ದಿನ ಮುಂದಿನ ಪುಟದಲ್ಲಿದೆ. ಪ್ರೋಗ್ರಾಮ್ ನೋಡಿಯೇ ಬರೆದಿರಬೇಕು. ಶಾಯಿ ಮಾತ್ರ ನನ್ನದು.

ತಡವಾದರೂ ಸೂಜಿ ಹಾಕಿದರು. ಹೆದರಬೇಡಿ, ಕೊನೆಯದನ್ನು ತಪ್ಪಿಸಬೇಡಿ ಎಂದರು ಡಾಕ್ಟರು. ಆ ಕೊನೆಯ ಸೂಜಿಗೆ ಆಪಾ ಗೋಡೆಯ ಕ್ಯಾಲೆಂಡರಿನಲ್ಲಿ ತಾವೇ ಗುರುತು ಹಾಕಿಕೊಂಡು, ನನ್ನನ್ನು ಕರೆಯದೆ ಹೋಗಿಬಂದರು.

ನಾಯಿ ಕಚ್ಚಿ ರೇಬೀಸ್ ರೋಗ ಹತ್ತಿದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ, ತಿಂಗಳುಗಳು ಕಳೆದ ಮೇಲೂ ಅದು ಕಾಣಿಸಿಕೊಳ್ಳಬಹುದು ಎಂದು ಓದಿದ್ದೆ. ಆಪಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಊರಿನ ಕಾರ್ಖಾನೆಯ ಸಿಮೆಂಟಿನ ಧೂಳು ಕೂತ ಕಿಟಕಿಯಿಂದ ನಾನು ನೋಡುತ್ತಿದ್ದೆ, ಮೊದಲ ಗುಟುಕು ಇಳಿಯುವತನಕ. ಸೇಡಂ ಗಾಡಿ ಎಷ್ಟೋ ಸಲ ತಪ್ಪಿತು.

ಒಂದು ಬೆಳಿಗ್ಗೆ ಅವರು ಕಿಟಕಿಯತ್ತ ಕಪ್ಪು ಎತ್ತಿ, "ಕುಡದೀನಿ ತಮ್ಮಾ. ಇಳೀತು. ಇನ್ನ ಡ್ಯೂಟಿಗಿ ಹೋಗು," ಎಂದರು. ತಮಾಷೆ ಎಂದುಕೊಂಡೆ. ಮರುದಿನದಿಂದ ಅವರು ಒಳಗೆ ಕುಳಿತು ಕುಡಿಯತೊಡಗಿದರು.