ಒಂದೇ ಹಡಗಿನ ಇಬ್ಬರು ಝಿಂಕು

ಧರಮ್‌ದೇವ ಫಿಜಿಯ ಲಂಬಾಸದಲ್ಲಿ ಸಕ್ಕರೆ ಕಾರ್ಖಾನೆಯ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾದ ಮೇಲೆ ಅವನಿಗೆ ಮುತ್ತಜ್ಜ ಝಿಂಕುವಿನ ಊರನ್ನು ಕಣ್ಣಾರೆ ನೋಡುವ ಹುಚ್ಚು ಹಿಡಿಯಿತು. ಕಬ್ಬಿನ ಕೂಲಿಗೆಂದು ಕಲ್ಕತ್ತೆಯಲ್ಲಿ ಹಡಗು ಹತ್ತಿದ ಆ ಮುತ್ತಜ್ಜ ಯಾವ ಊರಿನವನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಜಧಾನಿ ಸುವಾಕ್ಕೆ ಹೋಗಿ ಹಳೆಯ ಹಡಗಿನ ಪಟ್ಟಿ ತೆಗೆಸಿ ನೋಡಿದರೆ, ಅದರಲ್ಲಿ ಇಬ್ಬರು ಝಿಂಕು! ಒಬ್ಬ ಬಸ್ತಿ ಜಿಲ್ಲೆಯವನು, ಇನ್ನೊಬ್ಬ ಗಯಾದವನು. ಇಬ್ಬರನ್ನೂ ಲಂಬಾಸದ ಒಂದೇ ತೋಟಕ್ಕೆ ಕಳಿಸಿದ್ದರು.

ಅವನು ನೇರ ತಾನು 'ಫುವಾ' ಎಂದು ಕರೆಯುವ ಸೋದರತ್ತೆ ಸುಖ್‌ದೇಯಿಯ ಹತ್ತಿರ ಬಂದ. ಝಿಂಕುವನ್ನು ಕಂಡವರಲ್ಲಿ ಉಳಿದವಳು ಆ ಮುದುಕಿ ಒಬ್ಬಳೇ.

"ಫುವಾ, ಪಟ್ಟಿ ಪ್ರಕಾರ ಬಸ್ತಿಯವನ ಕಾಲಲ್ಲಿ ಗಾಯದ ಗುರುತಿತ್ತಂತೆ. ನಮ್ಮ ಮುತ್ತಜ್ಜಂಗೆ ಇತ್ತಾ?"

"ಕಬ್ಬು ಕಡಿಯೋರ ಕಾಲಲ್ಲಿ ಗಾಯ ಇಲ್ದೆ ಗೆಜ್ಜೆ ಇರುತ್ತೇನೋ?"

"ಗಯಾದವನು ಎತ್ತರ ಅಂತೆ."

"ನಾನು ನೋಡೋ ಹೊತ್ತಿಗೆ ಇಬ್ರೂ ಬಾಗಿ ಹೋಗಿದ್ರು."

"ಇಬ್ರೂನಾ?"

"ಹ್ಞೂಂ ಮತ್ತೆ! ಹಡಗಲ್ಲಿ ಅಣ್ಣತಮ್ಮ ಆದೋರು. ಒಂದೇ ಮನೇಲಿದ್ರು, ಇಬ್ರನ್ನೂ ಅಜ್ಜ ಅಂತಿದ್ವಿ."

"ನಿಮ್ಮಪ್ಪನ್ನ ಹೆತ್ತೋನು ಯಾರು, ಅದನ್ನ ಹೇಳು!"

"ಒಂದ್ಸಲ ಕೇಳ್ದೆ ಕಣೋ. ಇಬ್ರೂ ಒಟ್ಟಿಗೇ ಬೆತ್ತ ತಗೊಂಡ್ರು."

ಧರಮ್‌ದೇವ ತಲೆ ಮೇಲೆ ಕೈಹೊತ್ತು ಕುಳಿತ. ಕೊನೆಗೆ ಎರಡೂ ಊರಿಗೆ ಹೋಗುವುದೆಂದು ಟಿಕೆಟ್ ಮಾಡಿಸಿದ. ಆದರೆ ಯಾವ ಊರಿನಲ್ಲಿ ನಿಂತು "ನಾನು ನಿಮ್ಮವನು" ಎನ್ನಬೇಕೆಂಬುದು ವಿಮಾನ ಹತ್ತುವಾಗಲೂ ಅವನಿಗೆ ಬಗೆಹರಿದಿರಲಿಲ್ಲ.