ಎದುರಿಗೆ ಕೂರಿಸಿ ಬಿಚ್ಚುವವಳು

ಜೆರಾಕ್ಸ್ ಅಂಗಡಿಯ ಹಿಂಭಾಗದಲ್ಲಿ, ಗೋಡೆಗೂ ಕಾಗದದ ಬಂಡಲುಗಳಿಗೂ ನಡುವೆ, ಒಂದೇ ಒಂದು ಮೇಜು ಹಿಡಿಸುವಷ್ಟು ಜಾಗ. ಅಲ್ಲಿ ಕೂತು ಲ್ಯಾಪ್‌ಟಾಪ್ ರಿಪೇರಿ ಮಾಡುವವಳನ್ನು ಬೀದಿಯವರೆಲ್ಲ ಸ್ಕ್ರೂ ಅಕ್ಕ ಎಂದೇ ಕರೆಯುತ್ತಾರೆ. ಅಂಗಡಿ ಅವಳ ಭಾವನದು, ಅಂದರೆ ಅಕ್ಕನ ಗಂಡನದು. ಜಾಗ ಕೊಡುವಾಗ ಅವನು ಹಾಕಿದ್ದು ಒಂದೇ ಷರತ್ತು, ಜನರ ಬಾಯಿಗೆ ಬೀಳುವ ಕೆಲಸ ಆಗಬಾರದು.

ಅವಳದೂ ಒಂದು ಷರತ್ತಿದೆ. ಲ್ಯಾಪ್‌ಟಾಪ್ ಬಿಚ್ಚುವಾಗ ಅದರ ಯಜಮಾನರು ಎದುರಿನ ಸ್ಟೂಲಿನ ಮೇಲೆ ಕೂತು ನೋಡುತ್ತಿರಬೇಕು. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಪೆನ್ಸಿಲಿನಲ್ಲಿ ಲ್ಯಾಪ್‌ಟಾಪಿನ ಅಂಚು ಬರೆದು, ತೆಗೆದ ಒಂದೊಂದು ಸ್ಕ್ರೂವನ್ನೂ ಅದು ಇದ್ದ ಜಾಗದಲ್ಲೇ ಇಡುತ್ತಾಳೆ. ಅವಸರದವರು ಗೊಣಗುತ್ತಾರೆ. ಅವಳು ಹಟ ಬಿಡುವುದಿಲ್ಲ.

ಇದರ ಕಾರಣವನ್ನು ಅವಳು ನನಗೆ ಒಮ್ಮೆಲೇ ಹೇಳಿದವಳಲ್ಲ. ಕಾಗದ ಪ್ರತಿ ಮಾಡಿಸಲು ಹೋದಾಗೆಲ್ಲ ತುಣುಕು ತುಣುಕಾಗಿ ಹೇಳಿದಳು. ಮೊದಲು ಒಂದು ಕಂಪ್ಯೂಟರ್ ಕಲಿಸುವ ಕಡೆ ಕಸ ಗುಡಿಸುತ್ತಿದ್ದಳಂತೆ. ರಿಪೇರಿಯವನ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕೆಲಸ ಕಲಿತಳು. ಒಂದು ದಿನ ಹಾರ್ಡ್ ಡಿಸ್ಕ್ ಕಾಣೆಯಾಯಿತು. ಎಲ್ಲರ ಕಣ್ಣೂ ಹೋದದ್ದು ಪೊರಕೆ ಹಿಡಿದವಳ ಮೇಲೆ, ಕೆಲಸವೂ ಹೋಯಿತು. ವಾರದ ನಂತರ ಅದು ರಿಪೇರಿಯವನ ಮೇಜಿನ ಡ್ರಾದಲ್ಲೇ ಸಿಕ್ಕಿತು, ಆದರೆ ಅದನ್ನು ಅವಳಿಗೆ ಹೇಳಲು ಯಾರೂ ಬರಲಿಲ್ಲ. ದೇವರು ನೋಡಿರುತ್ತಾನೆ, ನಿಜ. ಗಿರಾಕಿಯೂ ನೋಡಿರಲಿ ಎನ್ನುವುದು ಅವಳ ವಾದ.

ಅಂಥವಳ ಮೇಜಿಗೆ ಒಂದು ಬೆಳಿಗ್ಗೆ ಗಂಡ ಹೆಂಡತಿ ಬಂದರು. ಗಂಡನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್. ಲಾರಿಗಳನ್ನು ಸರಕಿನ ಸಮೇತ ತೂಗುವ ಕಟ್ಟೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಮರಳಿನ ಅಡಿಯಲ್ಲಿ ಬಂಡೆ ಇಟ್ಟು ತರುವ ಡ್ರೈವರುಗಳನ್ನು ಕಂಡು ಕಂಡು, ಮನೆಯಲ್ಲಿ ಕೊಟ್ಟ ಚಹಾವನ್ನೂ ಒಮ್ಮೆ ಬಗ್ಗಿ ನೋಡಿಯೇ ಕುಡಿಯುವಂಥ ಆಸಾಮಿ.

ಹೆಂಡತಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತಿತ್ತು, ಬಲಗೈ ಬಿದ್ದಿತ್ತು. ಎಡಗೈಯಲ್ಲಿ ಪೆನ್ನು ನಿಲ್ಲದು, ಫೋನಿನ ಅಕ್ಷರ ತೀರ ಸಣ್ಣದು. ಲ್ಯಾಪ್‌ಟಾಪಿನ ಕೀಲಿಗಳನ್ನು ಒಂದೇ ಬೆರಳಲ್ಲಿ ಒತ್ತಿ ಬರೆಯುತ್ತಿದ್ದರು, ಗಂಡ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಆಕೆಯ ಮಾತು ಅಂದರೆ ಅದೇ. ಅದು ಕೆಟ್ಟು ನಾಲ್ಕು ದಿನವಾಗಿತ್ತು. ನಾಲ್ಕು ದಿನದಿಂದ ಆಕೆ ಒಂದು ಮಾತೂ ಆಡಿರಲಿಲ್ಲ.

ಸ್ಕ್ರೂ ಅಕ್ಕ ಮೊದಲು ಚಾರ್ಜರ್ ನೋಡಿದಳು. ಮೀಟರಿನ ಕಡ್ಡಿ ಇಟ್ಟರೆ ಸೊನ್ನೆ. ತನ್ನ ಚಾರ್ಜರ್ ಹಾಕಿದಳು. ದೀಪ ಹತ್ತಿತು, ಒಳಗಿನ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು.

ಯಜಮಾನರು ಮುಂದಕ್ಕೆ ಬಾಗಿದರು. "ಮನೇಲಿ ದೀಪಾನೇ ಬರ್ತಿರ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ದೀಪ ಬಂತು, ಪರದೆ ಹೋಯ್ತು. ಇದ್ಯಾವ ಲೆಕ್ಕಾನಮ್ಮ?"

ಅವಳು ಲ್ಯಾಪ್‌ಟಾಪ್ ಮಗುಚಿ ಹಾಕಿದಳು. ಎಂಟು ಸ್ಕ್ರೂಗಳಲ್ಲಿ ಒಂದರ ತಲೆ ಸವೆದಿತ್ತು. ಪಕ್ಕದಲ್ಲಿ ಹೊಸ ಗೀರು.

"ಇದನ್ನ ಮೊದ್ಲು ಯಾರಾದ್ರೂ ಬಿಚ್ಚಿದ್ರಾ ಸರ್?"

"ಯಾರೂ ಮುಟ್ಟಿಲ್ಲ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಈಗ ಅನುಮಾನ ಅವಳಿಗೂ ಹತ್ತಿತು. ಬೇರೆ ಯಾರೋ ಹಾಳು ಮಾಡಿದ್ದನ್ನು ತನ್ನ ಕೊರಳಿಗೆ ಕಟ್ಟಲು ಬಂದವರು ಅವಳಿಗೆ ಹೊಸಬರಲ್ಲ. ಅಷ್ಟರಲ್ಲಿ ಹೆಂಡತಿ ಉಗುರಿನಿಂದ ಮೇಜು ಬಡಿದರು. ಇವಳಿಗೆ ಯಾವಾಗಲೂ ಅವಸರ ಎಂದರು ಗಂಡ.

ಹಾಳೆಯ ಮೇಲೆ ಎಂಟು ಸ್ಕ್ರೂ ಕೂತವು. ಬ್ಯಾಟರಿ ತೆಗೆದು, ಒಳಗೆ ಉಳಿದ ಕರೆಂಟು ಇಳಿಯಲೆಂದು ಪವರ್ ಬಟನ್ ಒತ್ತಿ ಹಿಡಿದು ಮನಸ್ಸಿನಲ್ಲೇ ಮೂವತ್ತು ಎಣಿಸಿದಳು. ಪ್ರಯೋಜನವಾಗಲಿಲ್ಲ. ರ‍್ಯಾಮ್ ಪಟ್ಟಿ ಕಿತ್ತಳು. ಬೆರಳುದ್ದದ ಹಸಿರು ಪಟ್ಟಿ, ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳು. ಅದು ಸರಿಯಾಗಿ ಕೂರದಿದ್ದರೆ ಪರದೆ ಬರುವುದಿಲ್ಲ. ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಪರದೆ ಕಪ್ಪಾಗಿಯೇ ಇತ್ತು. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ತನ್ನ ಪಟ್ಟಿ ಹಾಕಿದಳು. ಪರದೆ ಬೆಳಗಿತು.

ನಿಮ್ಮ ಪಟ್ಟಿ ಹೋಗಿರಬೇಕು ಎಂದು ಅವಳು ಹೇಳಿದ್ದೇ ತಡ, ಯಜಮಾನರ ಮುಖ ಅರಳಿತು. ಬಹಳ ದಿನದಿಂದ ಕಾಯುತ್ತಿದ್ದ ಲಾರಿ ಕೊನೆಗೂ ಕಟ್ಟೆ ಹತ್ತಿದಂತೆ.

"ಬಂತಲ್ಲ ದಾರಿಗೆ. ನಮ್ದು ಕೆಟ್ಟಿದೆ, ನಿನ್ದು ಚೆನ್ನಾಗಿದೆ. ನಮ್ದು ನಿನ್ನ ಡಬ್ಬಿಗೆ, ನಿನ್ದು ನಮ್ಮ ತಲೆಗೆ. ಎಷ್ಟು ಜನಕ್ಕೆ ಹೀಗೆ ಮಾಡಿದ್ದೀಯ?"

ಮುಂದೆ ಜೆರಾಕ್ಸ್ ಮೆಷಿನ್ನಿನ ಸದ್ದು ನಿಂತಿತು. ಭಾವ ಕಿವಿಗೊಟ್ಟಿದ್ದಾನೆಂದು ಅವಳಿಗೆ ಗೊತ್ತಾಯಿತು. ಅವರ ಪಟ್ಟಿಯನ್ನು ಅವರ ಅಂಗೈಗೇ ಹಾಕಿದಳು.

ಅವರು ಅದನ್ನು ದೀಪದ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆ ಕಡೆ ಈ ಕಡೆ ವಾಲಿಸಿ ನೋಡಿದರು. ಹುಡುಕಿದ್ದು ಸಿಕ್ಕಿರಬೇಕು, ಮುಖ ಇಳಿಯಿತು. ಏನು ನೋಡಿದರೆಂದು ಅವಳಿಗೆ ತಿಳಿಯಲಿಲ್ಲ. ಹೆಂಡತಿಗೆ ತಿಳಿದಿತ್ತು. ಆಕೆ ಮತ್ತೆ ಬಡಿಯತೊಡಗಿದರು. ಈ ಸಲ ಸ್ಕ್ರೂ ಅಕ್ಕ ಆ ಕೈಯನ್ನೇ ನೋಡಿದಳು. ಅದು ಅವಸರದ ಬಡಿತವಾಗಿರಲಿಲ್ಲ. ಬಡಿತದ ನಡುವೆ ಹೆಬ್ಬೆರಳಿನಿಂದ ತೋರುಬೆರಳಿನ ಉಗುರನ್ನು ಸವರುವುದು, ಗಂಡನ ಕೈಯಲ್ಲಿದ್ದ ಪಟ್ಟಿಯನ್ನು ತೋರಿಸುವುದು, ಮತ್ತೆ ಸವರುವುದು.

ಸ್ಕ್ರೂ ಅಕ್ಕ ಲ್ಯಾಪ್‌ಟಾಪನ್ನು ಹಾಗೇ ತಿರುಗಿಸಿ ಆಕೆಯ ಮುಂದಕ್ಕೆ ಸರಿಸಿದಳು. "ಒಳಗಿರೋ ಪಟ್ಟಿ ನನ್ದು, ಆಮೇಲೆ ತಗೋತೀನಿ. ನೀವೇನೂ ಕೊಂಡ್ಕೋಬೇಡಿ ಸರ್. ಅಮ್ಮ ಏನೋ ಹೇಳ್ಬೇಕು ಅಂತಿದಾರೆ, ಮೊದ್ಲು ಅದಾಗ್ಲಿ."

ಆಕೆ ಒಂದೊಂದೇ ಕೀಲಿ ಒತ್ತಿದರು. ಗಂಡ ಅಭ್ಯಾಸಬಲದಿಂದ ಗಟ್ಟಿಯಾಗಿ ಓದತೊಡಗಿದರು. "ನನ್ನ... ನೇಲ್ ಪಾಲಿಶ್... ಬಣ್ಣ ಇಲ್ಲದ್ದು..." ಅಲ್ಲಿಗೆ ನಿಂತುಬಿಟ್ಟರು. ಉಳಿದದ್ದನ್ನು ಸ್ಕ್ರೂ ಅಕ್ಕ ತಾನೇ ಓದಿಕೊಂಡಳು. ಇವರೇ ಬಿಚ್ಚಿ ಹಚ್ಚಿದರು. ನೀವು ಬದಲಿಸಿದರೆ ಗೊತ್ತಾಗಲಿ ಅಂತ.

ಯಜಮಾನರು ಟವೆಲ್ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಒಂದೊಂದಾಗಿ ಹೊರಬಂತು. ಅಂಗಡಿಗೆ ತರುವ ಹಿಂದಿನ ದಿನ ತಾವೇ ಬಿಚ್ಚಿ, ಮಗಳು ತಾಯಿಗೆಂದು ಬಿಟ್ಟುಹೋಗಿದ್ದ ಸೀಸೆಯಿಂದ ಒಂದೊಂದು ಭಾಗಕ್ಕೂ ಒಂದೊಂದು ಚುಕ್ಕೆ ಇಟ್ಟಿದ್ದರು. ಬಣ್ಣವಿಲ್ಲದ್ದಾದರೆ ರಿಪೇರಿಯವರ ಕಣ್ಣಿಗೆ ಬೀಳದು, ವಾಲಿಸಿ ನೋಡಿದರೆ ತಮಗೆ ಮಾತ್ರ ಹೊಳೆಯುತ್ತದೆ. ಕೈಗೆ ಬಂದ ಪಟ್ಟಿಯ ಮೇಲೂ ಅದು ಹೊಳೆದಿತ್ತು, ಯಾರೂ ಬದಲಿಸಿರಲಿಲ್ಲ.

ಅವಳು ಪಟ್ಟಿಯನ್ನು ವಾಲಿಸಿ ನೋಡಿದಳು. ಚುಕ್ಕೆ ಇಟ್ಟಲ್ಲಿ ನಿಂತಿರಲಿಲ್ಲ. ಕೆಳಕ್ಕೆ ಹರಿದು ನಾಲ್ಕೈದು ಹಲ್ಲುಗಳ ಮೇಲೆ ಗಾಜಿನ ಹಾಗೆ ಒಣಗಿತ್ತು. ರಬ್ಬರಿಗೆ ಜಗ್ಗದ, ಕರೆಂಟು ದಾಟಗೊಡದ ಪದರ.

ಭಾವ ತಾನಾಗಿಯೇ ಎದುರಿನ ಫ್ಯಾನ್ಸಿ ಸ್ಟೋರಿಗೆ ಹೋಗಿ ಪಾಲಿಶ್ ತೆಗೆಯುವ ಸೀಸೆ ತಂದುಕೊಟ್ಟ. ಹತ್ತಿಯ ಕಡ್ಡಿಗೆ ಒಂದು ಹನಿ ಮಾತ್ರ ತಾಗಿಸಿ, ಹಲ್ಲು ಬಿಟ್ಟು ಬೇರೆಲ್ಲೂ ಮುಟ್ಟದ ಹಾಗೆ ಅವಳು ಒರೆಸಿದಳು. ತನ್ನ ಪಟ್ಟಿ ತೆಗೆದು ಅವರದನ್ನು ಕೂರಿಸಿದಳು. ಪರದೆ ಬೆಳಗಿತು. ಮೊದಲಿನಿಂದ ಕೆಟ್ಟಿದ್ದದ್ದು ಚಾರ್ಜರ್ ಒಂದೇ.

"ಚಾರ್ಜರ್ ಕೆಟ್ಟಿದೆ ಅಂತ ನಾನು ಹೇಳೋದು ಬೇಡ," ಎಂದು ಮೀಟರಿನ ಕಡ್ಡಿಗಳನ್ನು ಅವರ ಕೈಗೇ ಕೊಟ್ಟಳು. "ನೀವೇ ತೂಗಿ ನೋಡಿ."

ಅವರು ಎರಡು ಸಲ ಇಟ್ಟು ನೋಡಿದರು. ಎರಡು ಸಲವೂ ಸೊನ್ನೆ. "ಸರಿ ಇದೆ," ಎಂದರು ಮೆಲ್ಲಗೆ. ಆಮೇಲೆ ಜೆರಾಕ್ಸ್ ಮೆಷಿನ್ನಿನ ಕಡೆಗೂ ಕೇಳಿಸುವ ಹಾಗೆ, ತಪ್ಪು ತಮ್ಮದೇ ಎಂದರು. ಆದರೂ ಅವಳು ಮುಚ್ಚುವಾಗ ಹಾಳೆಯ ಮೇಲಿನ ಸ್ಕ್ರೂಗಳನ್ನು ಅವರ ತುಟಿ ಎಣಿಸುತ್ತಿತ್ತು. ಅವಳಿಗೆ ಅದರಿಂದ ಬೇಸರವಾಗಲಿಲ್ಲವಂತೆ.

ಹೆಂಡತಿ ಮತ್ತೆ ಬರೆಯಲು ಶುರು ಮಾಡಿದ್ದರು. ಗಂಡ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಓದುವುದೋ ಬೇಡವೋ ಎಂದು ಒಂದು ಕ್ಷಣ ತಡೆದು, ಆಮೇಲೆ ಒಂದಕ್ಷರ ಬಿಡದೆ ಓದಿದರು.

"ನಾಲ್ಕು ದಿನ ಇವರೊಬ್ಬರೇ ಮಾತಾಡಿದರು."

ಮುಂದೆ ಭಾವ ನಕ್ಕುಬಿಟ್ಟ. ಆಕೆ ತಲೆ ಎತ್ತಲಿಲ್ಲ. ಬೆರಳು ಮುಂದಿನ ಅಕ್ಷರ ಹುಡುಕುತ್ತಿತ್ತು, ಗಂಡ ಕಾಯುತ್ತಾ ನಿಂತಿದ್ದರು.