ಎಚ್‌ಡಿ ಕ್ಯಾಮೆರಾ ಮತ್ತು ಮಾವನ ಇಪ್ಪತ್ತೈದನೆಯ ವಯಸ್ಸು

ತೊಂಬತ್ತರ ದಶಕದಲ್ಲಿ ಬಂಟ್ವಾಳದಲ್ಲಿ ಸಿನಿಮಾ ತೆಗೆಯಲು ಎರಡೇ ವಸ್ತು ಸಾಕಿತ್ತು: ಹೆಗಲ ಮೇಲೆ ಹೊರುವ ಒಂದು ವಿಎಚ್‌ಎಸ್ ಕ್ಯಾಮೆರಾ ಮತ್ತು ಲಜ್ಜೆಯ ಸಂಪೂರ್ಣ ಅಭಾವ. ದೇವರ ದಯೆಯಿಂದ ಎರಡೂ ನನ್ನಲ್ಲಿದ್ದವು. ಮದುವೆಗಳ ವೀಡಿಯೊ ಮಾಡಿ ಬದುಕುತ್ತಿದ್ದ ನಾನು, ಮದುವೆಯಿಲ್ಲದ ದಿನಗಳಲ್ಲಿ ತುಳು ಟೆಲಿಚಿತ್ರಗಳನ್ನು ತೆಗೆಯುತ್ತಿದ್ದೆ. ಕೇಬಲ್ಲಿನವರು ಅವನ್ನು ಭಾನುವಾರ ಮಧ್ಯಾಹ್ನ, ಇಡೀ ತಾಲೂಕು ಉಂಡು ಮಲಗುವ ಶುಭಮುಹೂರ್ತದಲ್ಲಿ ಬಿತ್ತರಿಸುತ್ತಿದ್ದರು.

ವಿಎಚ್‌ಎಸ್ ದೊಡ್ಡ ಮನಸ್ಸಿನದು. ನೋಡಬಾರದ್ದನ್ನು ಅದು ನೋಡುತ್ತಿರಲಿಲ್ಲ. ಬಸ್ ಕಂಡಕ್ಟರನ ಖಾಕಿ ಅಂಗಿ ತೊಟ್ಟವನು ಅದರ ಕಣ್ಣಿಗೆ ಪೊಲೀಸ್ ಇನ್ಸ್‌ಪೆಕ್ಟರ್. ಬೈರಾಸು ಟವೆಲಿನಲ್ಲಿ ಸುತ್ತಿದ ಸಾಂಬಾರು ಸೌತೆ ಹಸುಗೂಸು. ನನ್ನ ಮಾವ ಇಪ್ಪತ್ತೈದರ ತರುಣ.

ಮಾವ ಅಂದರೆ ಅಮ್ಮನ ತಮ್ಮ. ಬೆಳ್ತಂಗಡಿಯಲ್ಲಿ ಅವರಿಗೆ ಚಾ-ತಿಂಡಿಯ ಹೋಟೆಲು. ಊರಿನ ನಾಟಕಗಳಲ್ಲಿ ಹೀರೋ ಅಲ್ಲದೆ ಬೇರೆ ಪಾತ್ರವನ್ನು ಅವರು ಮುಟ್ಟಿದವರಲ್ಲ. ಅವರ ನಾಟಕ ನೋಡಿಯೇ ಚಿಕ್ಕಂದಿನಲ್ಲಿ ನನಗೆ ಈ ಹುಚ್ಚು ಹಿಡಿದದ್ದು; ಹಾಗಾಗಿ ನನ್ನ ಸಿನಿಮಾಗಳ ಪಾಪದಲ್ಲಿ ಅರ್ಧ ಅವರದು. ಗಿರಾಕಿಗಳು “ಹೀರೋ, ಒಂದು ಚಾ” ಎಂದೇ ಕೂಗುವುದು. ಅದರಲ್ಲಿ ಪ್ರೀತಿ ಎಷ್ಟು, ಕುಹಕ ಎಷ್ಟು ಎಂದು ಮಾವ ಸೋಸಿ ನೋಡಿದವರಲ್ಲ. ಸೋಸುವುದು ಚಾಹುಡಿಯನ್ನು ಮಾತ್ರ.

ಹೊಸ ಶತಮಾನಕ್ಕೆ ಐದಾರು ವರ್ಷವಾದಾಗ ಶಾಲೆಯಲ್ಲಿ ನನ್ನ ಬೆಂಚಿನಲ್ಲಿದ್ದ ಬ್ಯಾರಿ ಗೆಳೆಯ ದುಬಾಯಿಯಿಂದ ರಜೆಗೆ ಬಂದ. ಮನೆಯವರಿಗೆ ಕಂಬಳಿ, ಹಾಲಿನ ಪುಡಿ ಮತ್ತು ಒಂದು ದೊಡ್ಡ ಚಪ್ಪಟೆ ಟೀವಿ. ನಾನು ಹೇಳಿ ತರಿಸಿದ್ದು ಪ್ರೊಫೆಷನಲ್ ಎಚ್‌ಡಿ ಕ್ಯಾಮೆರಾ. ವಿಮಾನದಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದನಂತೆ.

“ಇಷ್ಟು ವರ್ಷ ಸಿನಿಮಾ ಹಾಳಾದ್ರೆ ಕ್ಯಾಮೆರಾ ಸರಿ ಇಲ್ಲ ಅಂತ ಹೇಳ್ತಿದ್ದಿ” ಎಂದ. “ಇನ್ನು ಯಾರ ತಲೆಗೆ ಕಟ್ತೀ ಮಾರಾಯ?”

ಕತೆ ಸಿದ್ಧವಿತ್ತು. ಘಟ್ಟದ ದಾರಿಯಲ್ಲಿ ಒಬ್ಬ ತರುಣ ದಿನಾ ಬಸ್ಸಿಗೆ ಕಾಯುತ್ತಾನೆ. ಅವನ ಹುಡುಗಿ ಅದರಲ್ಲಿ ಬರಬೇಕು. ಮಾವ ಇದಕ್ಕಾಗಿ ಎರಡು ವರ್ಷದಿಂದ ಕಾದಿದ್ದರು. “ಒಂದು ಸರಿಯಾದ ಸಿನಿಮಾದಲ್ಲಿ ಹೀರೋ ಆದ್ರೆ ಸಾಕು ಅಳಿಯ. ಆಮೇಲೆ ಬರೀ ಚಾ ಮಾಡ್ತೇನೆ” ಎಂದಿದ್ದರು. ಅವರಿಗಾಗ ಐವತ್ತೆಂಟು.

ಪರೀಕ್ಷೆಗೆಂದು ಹೋಟೆಲಿನಲ್ಲಿ ಅವರದೇ ಎರಡು ನಿಮಿಷ ಚಿತ್ರೀಕರಿಸಿ, ಅವರನ್ನೂ ಕರೆದುಕೊಂಡು ಹೋಗಿ ಗೆಳೆಯನ ಮನೆಯ ಹೊಸ ಟೀವಿಗೆ ಜೋಡಿಸಿದೆವು. ಪರದೆಯಲ್ಲಿ ಮಾವನ ಮುಖ ಸರ್ವೇ ನಕ್ಷೆಯಂತೆ ಹರಡಿಕೊಂಡಿತು. ಹಣೆಯಲ್ಲಿ ವಿಗ್ಗಿನ ಬಲೆಯ ಕಣ್ಣುಗಳನ್ನು ಎಣಿಸಬಹುದಿತ್ತು. ಪೌಡರು ಸುಕ್ಕುಗಳೊಳಗೆ ಇಳಿದು ಅಲ್ಲೇ ವಾಸವಾಗಿತ್ತು. ಚಹಾ ಕೊಡಲು ಬಂದ ಗೆಳೆಯನ ತಾಯಿ ಟೀವಿಯತ್ತ ನೋಡಿ, “ಇವರಿಗೆ ಶುಗರ್ ಉಂಟಾ ಮಗಾ?” ಎಂದು ಕನಿಕರದಿಂದ ಕೇಳಿದರು.

ಮಾವ ಚಹಾ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: “ಕ್ಯಾಮೆರಾ ಒಳ್ಳೆದುಂಟು. ಆದ್ರೆ ಅದಕ್ಕೆ ದೊಡ್ಡವರು ಚಿಕ್ಕವರು ಅಂತ ಇಲ್ಲ.”

ಅವರು ಬಸ್ಸು ಹತ್ತಿದ ಮೇಲೆ ಗೆಳೆಯ ಹೇಳಿದ, “ಅವರನ್ನು ಹೀರೋನ ಅಪ್ಪ ಮಾಡುವ.”

“ನೀನು ಹೇಳ್ತೀಯಾ?”

“ನನಗೆ ರಜೆ ಮುಗಿಯಲಿಕ್ಕೆ ಬಂತು” ಎಂದು ಅವನು ವಿಷಯ ಮುಗಿಸಿದ.

ನನಗೂ ಧೈರ್ಯವಿರಲಿಲ್ಲ. ಧೈರ್ಯವಿಲ್ಲದವನಿಗೆ ಹೊಳೆಯುವುದು ಉಪಾಯ. ಹಳೆಯ ಸ್ಟುಡಿಯೋಗಳಲ್ಲಿ ಮದುಮಗಳು ಸುಂದರವಾಗಿ ಕಾಣಲೆಂದು ಲೆನ್ಸಿನ ಮುಂದಿನ ಗಾಜಿಗೆ ವ್ಯಾಸಲೀನು ಸವರುತ್ತಿದ್ದರು. ನಾನು ಸ್ವದೇಶಿ ಮನುಷ್ಯ; ತೆಂಗಿನೆಣ್ಣೆ ಸವರಿದೆ. ಹೀಗೆ ಅರಬ್ಬಿ ಸಮುದ್ರ ದಾಟಿ ಬಂದ ಎಚ್‌ಡಿ ಕ್ಯಾಮೆರಾವನ್ನು ಒಂದೇ ಬೆರಳಿನಿಂದ ಮರಳಿ ವಿಎಚ್‌ಎಸ್ ಮಾಡಿದ ಕೀರ್ತಿ ನನಗೆ ಸಲ್ಲಬೇಕು.

ನೆರಿಯದ ಒಂದು ಮನೆಯೊಳಗೆ ಮೂರು ದಿನ ಚಿತ್ರೀಕರಣ ನಡೆಯಿತು. ಎಣ್ಣೆ ಪವಾಡ ಮಾಡಿತು. ಸುಕ್ಕು ಮಾಯ, ಬಲೆ ಮಾಯ. ಮಾವ ಪುಟ್ಟ ಪರದೆಯಲ್ಲಿ ತಮ್ಮನ್ನು ನೋಡಿಕೊಂಡು, “ಈಗ ಇದಕ್ಕೆ ಸ್ವಲ್ಪ ಬುದ್ಧಿ ಬಂತು” ಎಂದರು. ಎಣ್ಣೆಯ ಸಂಗತಿ ನಾನು ಹೇಳಲಿಲ್ಲ.

ಬಸ್ಸಿಗೆ ಕಾಯುವ ದೃಶ್ಯಗಳೆಲ್ಲ ಚಾರ್ಮಾಡಿ ಘಾಟಿಯಲ್ಲಿ. ಡಿಸೆಂಬರ್, ಬೆಳಗಿನ ಆರೂವರೆ. ಆಕಾಶ ತೊಳೆದಿಟ್ಟ ಹಾಗಿತ್ತು. ಮಂಜಿನ ಒಂದು ಎಳೆಯೂ ಇರಲಿಲ್ಲ. ಎಳೆಬಿಸಿಲು ಬಿದ್ದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಅನುಭವಸ್ಥನಾದ ನಾನು ಅಂದಾಜಿನ ಮೇಲೆ ನಡೆಸಿದೆ. ಕೊನೆಯ ದೃಶ್ಯ ಮುಗಿದಾಗ ಗೆಳೆಯ ಲೆನ್ಸಿನ ಮುಂದಿನ ಗಾಜನ್ನು ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡ. ಇಬ್ಬರೂ ತಿಂಡಿಗೆ ತಂದಿದ್ದ ಅವಲಕ್ಕಿಯ ಕಡೆ ನಡೆದೆವು.

ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ನಮ್ಮೂರಿನಲ್ಲಿ ಬೆಳಿಗ್ಗೆ ಬಾಟಲಿಯನ್ನು ಒಲೆಯ ಬದಿಯಲ್ಲಿಟ್ಟು ತಲೆಗೆ ಹಾಕಿಕೊಳ್ಳುವ ಪ್ರತಿ ಮಗುವಿಗೂ ಇದು ಗೊತ್ತು. ಹದಿನೈದು ವರ್ಷದ ಅನುಭವವುಳ್ಳ ನಿರ್ದೇಶಕನಿಗೆ ಅದು ಮನೆಗೆ ಬಂದು ಟೇಪು ನೋಡಿದಾಗ ನೆನಪಾಯಿತು. ಪರದೆಯ ತುಂಬ ಬಿಳುಪು. ಅದರೊಳಗೆ ಮಾವ ಪ್ರೇತದಂತೆ ತೇಲುತ್ತಿದ್ದರು. ಮತ್ತೆ ತೆಗೆಯೋಣವೆಂದರೆ, ತರುಣನ ಕನಸಿನಲ್ಲಿ ಬಸ್ಸಿಳಿದು ಬರುವ ನಾಯಕಿಗೆ ಆ ವಾರವೇ ನಿಶ್ಚಿತಾರ್ಥ. ಹುಡುಗನ ಕಡೆಯವರಿಗೆ ಸಿನಿಮಾ ಆಗದು.

ಟೇಪಿನ ಕೊನೆಯಲ್ಲಿ ಮಾತ್ರ ಎರಡು ನಿಮಿಷ ಸ್ಪಷ್ಟವಾಗಿತ್ತು. ಗಾಜು ತೆಗೆದಿದ್ದೆವು, ಕ್ಯಾಮೆರಾ ನಿಲ್ಲಿಸಲು ಮರೆತಿದ್ದೆವು. ಮಾವ ರಸ್ತೆಯಂಚಿನ ಮೋಟುಗೋಡೆಯ ಮೇಲೆ ಕೂತು ವಿಗ್ಗು ತೆಗೆದು ಪಕ್ಕದಲ್ಲಿಟ್ಟರು. ಮೊಣಕಾಲು ನೀವಿಕೊಂಡರು. ಅಷ್ಟರಲ್ಲಿ ಘಟ್ಟ ಹತ್ತಿ ಒಂದು ಬಸ್ಸು ಬಂತು, ನಿಲ್ಲದೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಸುಮ್ಮನೆ ನೋಡಿದರು. ಅವರ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ಅಷ್ಟು ವರ್ಷ ಅವರಿಂದ ಅಭಿನಯ ಮಾಡಿಸಿದ್ದೆ. ಅಂಥದ್ದೊಂದನ್ನು ನಾನು ತೆಗೆದಿರಲಿಲ್ಲ.

ಅದನ್ನು ಸಿನಿಮಾದ ಕೊನೆಗೆ ಹಾಕಿದೆ. ಬಸ್ಸಿಗೆ ಕಾಯುತ್ತಲೇ ತರುಣ ಮುದುಕನಾದ. ಮಾವನನ್ನು ಕೇಳಲಿಲ್ಲ, ಕೇಳಿದ್ದರೆ ಬೇಡವೆನ್ನುತ್ತಿದ್ದರು.

ಪ್ರದರ್ಶನ ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ. ಮಾವ ಹೋಟೆಲಿಗೆ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಅವರ ಹೋಟೆಲಿನ ಗಿರಾಕಿಗಳು ಎರಡು ಸಾಲು ತುಂಬಿದ್ದರು. ನಾನು ಬಾಗಿಲ ಹತ್ತಿರ ನಿಂತೆ, ಓಡಲು ಅನುಕೂಲ. ಘಾಟಿಯ ಬಿಳುಪು ಬಂದಾಗ ಯಾರೂ ನಗಲಿಲ್ಲ. ಕೊನೆಯಲ್ಲಿ ಪರದೆಯ ಅಗಲಕ್ಕೆ ಮಾವ ವಿಗ್ಗು ತೆಗೆದರು. ಗಿರಾಕಿಗಳ ಸಾಲಿನಿಂದ “ಅಯ್ಯೋ, ಹೀರೋ” ಎಂದು ಒಬ್ಬ ನಗಲು ಶುರುಮಾಡಿ, ಯಾಕೋ ಪೂರೈಸಲಿಲ್ಲ. ಮಾವನ ಬೆನ್ನು ಅಲುಗಲಿಲ್ಲ.

ಬಳಿಕ ಮಾತಾಡಿದ ಬೆಂಗಳೂರಿನ ಅತಿಥಿ, ಪಶ್ಚಿಮಘಟ್ಟದ ಮಂಜನ್ನು ಇಷ್ಟು ಕಾವ್ಯಮಯವಾಗಿ ಸೆರೆಹಿಡಿದವರು ಇನ್ನೊಬ್ಬರಿಲ್ಲ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ರಜೆ ಇನ್ನೂ ಮುಗಿಯದಿದ್ದ ಗೆಳೆಯ ಕೆಮ್ಮಿದ.

ಬೆಳ್ತಂಗಡಿಯ ಬಸ್ಸಿನಲ್ಲಿ ಮಾವ ಕಿಟಕಿಯ ಬದಿಗೆ ಕೂತರು. ವೇಣೂರು ದಾಟುವವರೆಗೆ ದಾರಿಬದಿಯ ಹೋಟೆಲುಗಳ ಬೋರ್ಡು ಓದಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ.

“ಆ ಕೊನೆಗೆ ಬರುವ ಮುದುಕ” ಎಂದರು ಕಡೆಗೆ, ನನ್ನತ್ತ ತಿರುಗದೆ. “ಅವನು ಪರವಾಗಿಲ್ಲ. ನಮ್ಮ ಹೀರೋಗಿಂತ ಚೆನ್ನಾಗಿ ಮಾಡಿದ.”

“ಹೌದು ಮಾವ.”

“ಮುಂದಿನದ್ದರಲ್ಲಿ ಅವನಿಗೆ ನಾಲ್ಕು ಮಾತು ಕೊಡು. ಮತ್ತೆ, ಗಾಜಿಗೆ ಎಣ್ಣೆ ಹಚ್ಚಬೇಡ.”

“ಎಣ್ಣೆ?”

“ಮೂವತ್ತು ವರ್ಷ ಹೋಟೆಲು ನಡೆಸಿದವ ನಾನು. ತೆಂಗಿನೆಣ್ಣೆಯ ವಾಸನೆ ನನಗೆ ಗೊತ್ತಾಗುವುದಿಲ್ಲವಾ?”